ಬಾಬಾಬುಡನ್‌ಗಿರಿಯ ಯಾತ್ರೆ: ಆಚಾರವೆಂಬ ಸಾಕ್ಷ್ಯ

ಶಿಗ್ಗಾಂವಿ ತಾಲ್ಲೂಕಿನ ಹುಲಗೂರು ಬಯಲುಸೀಮೆಯ ಊರು. ಅಲ್ಲಿಯ ಖಾದರಶಾವಲಿಯ ದರ್ಗಾ ಬೆಟ್ಟದ ಮೇಲಿನದಲ್ಲ. ಆದರೂ ಕನ್ನಡನಾಡಿನ ಸೂಫಿ ಸ್ಥಾನಗಳಿಗೆ ಯಾತ್ರಿಕರು ಏನನ್ನು ಬಯಸಿ ಹೋಗುತ್ತಿದ್ದರೆಂಬುದನ್ನು ವಿಚಾರಿಸುವಾಗ ಹುಲಗೂರಿನಿಂದ ಹೊರಡುವುದು ಉಚಿತ. ಶಿಶುವಿನಹಾಳದ ಇಮಾಮಸಾಹೇಬರು ಸಂತಾನವಿಲ್ಲದೆ ಈ ವಲಿಯನ್ನು ಬೇಡಿಕೊಂಡರೆಂದೂ, ಆ ಅನುಗ್ರಹದಿಂದಲೇ 1819ರಲ್ಲಿ ಷರೀಫರು ಜನಿಸಿದರೆಂದೂ ಐತಿಹ್ಯವುಂಟು. ಆ ಮಗನು ಮುಂದೆ ಕಳಸದ ಗೋವಿಂದಭಟ್ಟರ ಶಿಷ್ಯನಾದುದೂ, ತತ್ತ್ವಪದಗಳನ್ನು ಹಾಡಿದುದೂ ಸರ್ವವಿದಿತ. ಹರಕೆ ಹೊತ್ತ ತಂದೆಯ ಹೆಸರು ನಮ್ಮವರೆಗೆ ಉಳಿದು ಬಂದುದು ಮಗ ಕವಿಯಾದುದರಿಂದ. ಇಂತಹ ಭಾಗ್ಯ ಬೇರೆ ಎಷ್ಟು ಮಂದಿ ಯಾತ್ರಿಕರಿಗೆ ದೊರೆತೀತು?

ಈ ಪ್ರಶ್ನೆ ಇನ್ನಷ್ಟು ತೀವ್ರವಾಗಿ ಎದುರಾಗುವುದು ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ.

ಗಿರಿ, ಗುಹೆ ಎಂದೊಡನೆ ಮುಸ್ಲಿಂ ಭಕ್ತನ ಮನಸ್ಸಿಗೆ ಮೊದಲು ಬರುವುದು ಮಕ್ಕಾದ ಬಳಿಯ ಜಬಲ್ ಅಲ್-ನೂರ್. ಪೈಗಂಬರರಿಗೆ ಮೊದಲ ದಿವ್ಯವಾಣಿ ಲಭಿಸಿದ ಹಿರಾ ಗುಹೆ ಆ ಬೆಟ್ಟದಲ್ಲಿದೆ. ಆದರೆ ಅದನ್ನು ಏರುವುದು ಹಜ್ಜಿನ ವಿಧಿಗಳಲ್ಲಿ ಸೇರಿಲ್ಲ. ಅರಫಾತಿನ ಬಯಲಿನಲ್ಲಿ ನಿಲ್ಲುವುದು ವಿಧಿ. ಹಿರಾ ಗುಹೆಗೆ ಏರುವುದು ಭಕ್ತಿ. ವಲಿಗಳ ಸ್ಥಾನಗಳಿಗೆ ಹೋಗುವ ಜಿಯಾರತ್ ಸಹ ಹೀಗೆಯೇ ಕಡ್ಡಾಯವಲ್ಲದ, ಜನರು ತಾವಾಗಿ ಕೈಗೊಳ್ಳುವ ಯಾತ್ರೆ. ಆದುದರಿಂದ ಅದರ ನಿಯಮಗಳನ್ನು ಗ್ರಂಥಗಳಿಗಿಂತ ಹೆಚ್ಚಾಗಿ ಆಯಾ ನಾಡಿನ ರೂಢಿಗಳಲ್ಲಿಯೇ ಹುಡುಕಬೇಕಾಗುತ್ತದೆ.

ಬಾಬಾಬುಡನ್‌ಗಿರಿಯ ಎತ್ತರ ಸುಮಾರು 6,200 ಅಡಿ. ಅರ್ಧಚಂದ್ರಾಕಾರದ ಈ ಶ್ರೇಣಿಗೆ ಚಂದ್ರದ್ರೋಣವೆಂಬ ಹೆಸರೂ ಇದೆ. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ದೀಪಾವಳಿಯಲ್ಲಿ ಜನಸಾಗರವೇ ಏರುವ ದೇವೀರಮ್ಮನ ಬೆಟ್ಟ, ಇವೆಲ್ಲವೂ ಇದೇ ಸಾಲಿನವು. ಇಲ್ಲಿಯ ಜಂಬಿಟ್ಟಿಗೆಯ ಗುಹೆಯು ಮುಸ್ಲಿಮರಿಗೆ ದಾದಾ ಹಯಾತ್ ಮೀರ್ ಕಲಂದರರ ಸ್ಥಾನ, ಹಿಂದೂಗಳಿಗೆ ದತ್ತಾತ್ರೇಯರ ಪೀಠ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಯೆಮನ್ ದೇಶದ ಮೋಚಾದಿಂದ ಏಳು ಕಾಫಿ ಬೀಜಗಳನ್ನು ತಂದು ಇಲ್ಲಿ ಬಿತ್ತಿದರೆಂಬ ಕಥೆ ಎಲ್ಲರಿಗೂ ಗೊತ್ತು. ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಹಜ್ ಯಾತ್ರೆಯ ನೆನಪೊಂದು ಮಲೆನಾಡಿನ ಬೆಳೆಯ ಕಥೆಯೊಳಗೆ ಸೇರಿಹೋಗಿರುವುದನ್ನು ಗಮನಿಸಿದರೆ ಸಾಕು.

ಯಾತ್ರಿಕನು ಮಾಣಿಕ್ಯಧಾರೆಯಲ್ಲಿ ಮೀಯುತ್ತಾನೆ. ತೊಟ್ಟ ಬಟ್ಟೆಯೊಂದನ್ನು ಅಲ್ಲಿಯೇ ಬಿಡುವ ರೂಢಿಯೂ ಉಂಟು. ಗುಹೆಯಲ್ಲಿ ಪಾದುಕೆಗಳ ಮೇಲೆ ಹೂವು, ಆರದೆ ಉರಿಯುವ ನಂದಾದೀಪ. ಹಿಂದೂವಿಗೆ ತೀರ್ಥ, ಮುಸ್ಲಿಮನಿಗೆ ತಬರ್ರುಕ್. ಎರಡನ್ನೂ ನೀಡುತ್ತಿದ್ದ ಕೈ ಒಂದೇ. ಅದು ಶಾಖಾದ್ರಿಯವರು ನೇಮಿಸಿದ ಮುಜಾವರನದು. ತೀರ್ಥ ಪಡೆದವನು ಕೊಟ್ಟವನ ಮತವನ್ನು ಕೇಳಲಿಲ್ಲ. ಕೊಟ್ಟವನು ತನ್ನ ಮತವನ್ನು ಬಿಡಲೂ ಇಲ್ಲ. ಇದನ್ನು ಎರಡು ಮತಗಳ ಬೆರಕೆಯೆಂದು ಕರೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಇಬ್ಬರು ಯಾತ್ರಿಕರು ಬೇರೆ ಬೇರೆ ಹೆಸರುಗಳಿಂದ ಕೂಗುತ್ತ ಒಂದೇ ಬಾಗಿಲಲ್ಲಿ ತಲೆ ಬಾಗಿಸಿದರು, ಅಷ್ಟೆ.

ಈ ಆಚಾರಗಳು ಬರಹಕ್ಕಿಳಿದುದು ಭಕ್ತಿಯ ನಿಮಿತ್ತದಿಂದಲ್ಲ, ವ್ಯಾಜ್ಯದ ನಿಮಿತ್ತದಿಂದ. 1975ರಲ್ಲಿ ಸರಕಾರವು ಈ ಸಂಸ್ಥೆಯನ್ನು ಮುಜರಾಯಿ ಇಲಾಖೆಯಿಂದ ವಕ್ಫ್ ಮಂಡಲಿಗೆ ವರ್ಗಾಯಿಸಿತು. 1978ರಲ್ಲಿ ಇದರ ವಿರುದ್ಧ ದಾವೆ ಹೂಡಲಾಯಿತು. ಇದು ವಕ್ಫ್ ಆಸ್ತಿಯಲ್ಲವೆಂದು ಚಿಕ್ಕಮಗಳೂರಿನ ಜಿಲ್ಲಾ ನ್ಯಾಯಾಲಯ 1980ರಲ್ಲಿ ತೀರ್ಪಿತ್ತಿತು. 1991ರಲ್ಲಿ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. 1975ರ ಜೂನ್‌ಗೆ ಮೊದಲು ಇಲ್ಲಿ ಯಾವ ಆಚಾರಗಳು ನಡೆಯುತ್ತಿದ್ದವೆಂಬುದೇ ಮುಖ್ಯ ಪ್ರಶ್ನೆಯಾಯಿತು. ಮುಜರಾಯಿ ಆಯುಕ್ತರು 1989ರಲ್ಲಿ ಅವುಗಳ ಪಟ್ಟಿಯನ್ನು ಕೊಟ್ಟರು; ಮೇಲೆ ಹೇಳಿದ ಹೂವು, ದೀಪ, ತೀರ್ಥಗಳು ಅದರಲ್ಲಿವೆ. 2018ರಲ್ಲಿ ಸರಕಾರವು ಮುಜಾವರನೇ ಮುಂದುವರಿಯಲೆಂದು ಆಜ್ಞೆ ಹೊರಡಿಸಿತು. 2021ರ ಸೆಪ್ಟೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿತು. 2022ರ ಡಿಸೆಂಬರಿನಲ್ಲಿ ಹಿಂದೂ ಅರ್ಚಕರ ನೇಮಕವಾಯಿತು. ಒಂದೇ ಕೈ ಮಾಡುತ್ತಿದ್ದ ಕೆಲಸ ಎರಡು ಕೈಗಳಿಗೆ ಹಂಚಿಹೋಯಿತು.

ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ಅಂಶವನ್ನು ಲಕ್ಷಿಸಬೇಕು. 1975ಕ್ಕೆ ಹಿಂದಿನ ಆಚಾರ ಯಾವುದೆಂಬುದು ಮೂಲತಃ ಇತಿಹಾಸಕಾರನ ಪ್ರಶ್ನೆ. ಅದನ್ನು ಆತನಿಗಿಂತ ಮೊದಲು ಅಧಿಕಾರಿಯು ಕೇಳಬೇಕಾಯಿತು. ಅಧಿಕಾರಿಗೆ ಬೇಕಾಗಿದ್ದುದು ನಿರ್ವಹಣೆಯ ಹಕ್ಕು ಯಾರದೆಂಬ ನಿರ್ಣಯ. ಆದುದರಿಂದ ಆ ಪಟ್ಟಿಯಲ್ಲಿ ಪೂಜೆ ಸಲ್ಲಿಸುವವನ ಕೃತ್ಯಗಳಿವೆ, ನಡೆದು ಬಂದವನ ಕೃತ್ಯಗಳಿಲ್ಲ. ಯಾವ ಊರಿನಿಂದ ಬಂದನು, ಯಾರ ಕಾಯಿಲೆಗಾಗಿ ಹರಕೆ ಹೊತ್ತನು, ಗುಹೆಯೊಳಗೆ ಯಾವ ಹೆಸರನ್ನು ಕೂಗಿದನು ಎಂಬುದನ್ನು ಯಾವ ನ್ಯಾಯಾಲಯವೂ ಕೇಳಬೇಕಾಗಿರಲಿಲ್ಲ. ಹುಲಗೂರಿನಲ್ಲಿ ಐತಿಹ್ಯವು ಒಬ್ಬ ತಂದೆಯ ಬೇಡಿಕೆಯನ್ನು ಕಾಪಾಡಿತು. ಗಿರಿಯ ಕಡತವು ಅಂತಹ ಒಂದು ಬೇಡಿಕೆಯನ್ನೂ ಕಾಪಾಡಿಲ್ಲ.

1975ಕ್ಕೆ ಮೊದಲು ತರುಣರಾಗಿ ಗಿರಿಯನ್ನು ಏರಿದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ಚಿಕ್ಕಮಗಳೂರಿನ ಕಾಲೇಜುಗಳ ವಿದ್ಯಾರ್ಥಿಗಳು ಉರುಸಿನ ಮೂರು ದಿನಗಳಲ್ಲಿಯೂ ದತ್ತಜಯಂತಿಯಲ್ಲಿಯೂ ಇಂಥವರನ್ನು ಕಂಡು, ಅವರ ಮಾತನ್ನು ಅವರದೇ ನುಡಿಯಲ್ಲಿ ಬರೆದುಕೊಳ್ಳಬಹುದು. ಮೊದಲು ಕೇಳಬೇಕಾದುದು ಅವರು ಯಾರೊಡನೆ ಬಂದಿದ್ದರು, ಏನನ್ನು ಬೇಡಿಕೊಂಡರು ಎಂಬುದನ್ನು.