ಪಿಪಿ ನಂಬರಿಂದ ವೈಫೈ ಪಟ್ಟಿ ತನಕ

ಹಳೇ ಲಗ್ನಪತ್ರಿಕೆ ಟ್ರಂಕಿನಾಗೆ ಇದ್ರೆ ತೆಗೆದು ನೋಡಿ, ಫೋನ್ ನಂಬರ್ ಪಕ್ಕ ‘ಪಿಪಿ’ ಅಂತ ಇರ್ತದೆ. ಅಂದ್ರೆ ಫೋನು ಅವರದ್ದಲ್ಲ, ಪಕ್ಕದ ಮನೇದು. ಯಾರಿಗೆ ಎಲ್ಲಿಂದ ಫೋನ್ ಬಂತು, ಎಷ್ಟೊತ್ತು ಮಾತಾಡಿದ್ರು, ಎಲ್ಲಾ ಆ ಮನೆಯಾಕೆಗೆ ಗೊತ್ತಿರ್ತಿತ್ತು. ಆಮೇಲೆ ಎಸ್‌ಟಿಡಿ ಬೂತ್ ಬಂತು, ಕೆಂಪು ಅಂಕಿ ಓಡೋದನ್ನ ನೋಡ್ಕೊಂಡೇ ಮಾತು ಮುಗಿಸ್ತಿದ್ವಿ.

ವೈಫೈ ಬಂದ್ಮೇಲೆ ಈ ಲೆಕ್ಕ ತಪ್ಪೋಯ್ತು. ತಂತಿ ಇಲ್ಲ, ಯಾರು ಹಿಡ್ಕೊಂಡವ್ರೆ ಅಂತ ಕಣ್ಣಿಗೆ ಕಾಣಲ್ಲ. ಮೊದಮೊದ್ಲು ಎಷ್ಟೋ ಮನೇಲಿ ಪಾಸ್‌ವರ್ಡೇ ಇರ್ತಿರಲಿಲ್ಲ.

2008ರ ಜುಲೈ 25ಕ್ಕೆ ನಮ್ಮ ಬೆಂಗಳೂರಿನಾಗೆ ಬಾಂಬ್ ಸಿಡಿದದ್ದು ನಿಮಗೂ ನೆನಪಿರ್ಬೇಕು. ಮಾರನೇ ದಿನ ಅಹಮದಾಬಾದು. ಅಲ್ಲಿ ಸಿಡಿಯೋ ಸ್ವಲ್ಪ ಮುಂಚೆ ಟೀವಿಯೋರಿಗೆ ಬೆದರಿಕೆ ಇಮೇಲ್ ಹೋಗಿತ್ತು. ಪೊಲೀಸ್ನೋರು ಜಾಡು ಹಿಡಿದು ಹೋದ್ರೆ ಸಿಕ್ಕಿದ್ದು ನವಿ ಮುಂಬೈನ ಒಂದು ಫ್ಲಾಟು. ಆ ಮನೆಯೋರು ಕಳಿಸಿದ್ದಲ್ಲ ಕಣ್ರಕ್ಕ, ಬೀಗ ಇಲ್ದಿರೋ ಅವರ ವೈಫೈನ ಬೇರೆ ಯಾರೋ ಬಳಸಿದ್ರು. ಆದ್ರೂ ವಿಚಾರಣೆ ನಡೆದದ್ದು ಮನೆಯೋರದ್ದೇ. ಯಾಕಂದ್ರೆ ಒಳಗೆ ಹತ್ತು ಫೋನ್ ಇದ್ರೂ ಹೊರಗಿನೋರಿಗೆ ಕಾಣೋದು ಒಂದೇ ಬಾಗಿಲ ನಂಬರು.

2009ರ ಫೆಬ್ರವರೀಲಿ ದೂರಸಂಪರ್ಕ ಇಲಾಖೆ ಇಂಟರ್‌ನೆಟ್ ಕಂಪ್ನಿಗಳಿಗೆ ಆದೇಶ ಮಾಡ್ತು, ವೈಫೈ ಬಳಸೋರ ಗುರುತು ಇರ್ಬೇಕು ಅಂತ. 2014ರ ಜನವರೀಲಿ ಎಂ.ಜಿ. ರೋಡ್, ಬ್ರಿಗೇಡ್ ರೋಡ್, ನಾವು ಬಸ್ ಬದಲಾಯಿಸೋ ಯಶವಂತಪುರ ಬಸ್ ಸ್ಟ್ಯಾಂಡು, ಇಲ್ಲೆಲ್ಲ ‘ನಮ್ಮ ವೈಫೈ’ ಶುರುವಾದಾಗ ಮೊದ್ಲು ಮೊಬೈಲ್ ನಂಬರ್ ಕೇಳ್ತಿದ್ದದ್ದು ಅದಕ್ಕೇ. ಪುಕ್ಕಟೆ ಅಂದ್ರೂ ಹೆಸರಿಲ್ದೆ ಬಿಡ್ತಿರಲಿಲ್ಲ.

ಈಗ ಆ ಲೆಕ್ಕದ ಪುಸ್ತಕ ನಮ್ಮ ಗೋಡೆ ಮೇಲಿನ ಡಬ್ಬದಾಗೇ ಐತೆ. ಫೋನಿನಾಗೆ ರೂಟರ್ ಪೇಜ್ ತೆಗೆದ್ರೆ ಯಾವ್ಯಾವುದು ಸೇರ್ಕೊಂಡದೆ ಅಂತ ಪಟ್ಟಿ ಬರ್ತದೆ. ಕೆಲವು ಡಬ್ಬದಾಗೆ ಯಾವುದು ಎಷ್ಟು ಎಳೀತು ಅಂತಾನೂ ಇರ್ತದೆ. ಸಾಮಾನ್ಯವಾಗಿ ಟೀವಿದೇ ಜಾಸ್ತಿ. ಪಟ್ಟೀಲಿ ಗೊತ್ತಿಲ್ದಿರೋ ಹೆಸರು ಕಂಡ್ರೆ ತಕ್ಷಣ ಪಕ್ಕದ್ಮನೆಯೋರ ಮೇಲೆ ಹಾಕ್ಬೇಡಿ. 2019ರ ಆಂಡ್ರಾಯ್ಡ್, 2020ರ ಐಫೋನ್ ಬಂದಾಗಿಂದ ಫೋನುಗಳು ತಮ್ಮ ನಿಜವಾದ ನಂಬರ್ ಮುಚ್ಚಿಟ್ಟು ಬೇರೇದು ತೋರಿಸ್ತವೆ. ಮನೆ ಫೋನು, ಟೀವಿಗಳ ವೈಫೈ ಒಂದೊಂದೇ ಆರಿಸಿ, ಕೊನೇಗೆ ಉಳಿದದ್ದು ಯಾವುದು ನೋಡಿ. ಹೊರಗಿನದ್ದೇ ಆದ್ರೆ ಪಾಸ್‌ವರ್ಡ್ ಬದಲಾಯ್ಸಿದ್ರೆ ಆಯ್ತು, ಜಗಳ ಯಾಕೆ.

ಇನ್ನೊಂದು ಮಾತು, ಅತ್ತೆ ಆಗಿರೋರಿಗೆ. ಆ ಪಟ್ಟೀಲಿ ಸೊಸೆ ಫೋನು ಎಷ್ಟು ಎಳೀತು ಅಂತ ಕಾಣ್ಬಹುದು, ಆಕೆ ತಾಯಿ ಜೊತೆ ವಿಡಿಯೋ ಕಾಲಲ್ಲಿ ಅತ್ಳಾ ನಕ್ಳಾ ಅನ್ನೋದು ಕಾಣಲ್ಲ. ಪಿಪಿ ಫೋನಿನ ಮನೆಯಾಕೆ ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡಿದ್ದಕ್ಕೆ ಎಷ್ಟು ಮನೆ ಮಾತು ಬೀದಿಗೆ ಬಂತು ಅಂತ ನಮ್ಮ ವಯಸ್ಸಿನೋರಿಗೆ ಹೇಳ್ಬೇಕಾ? ಬಂದ ನೆಂಟ್ರಿಗೆ, ಬಾಡಿಗೆ ಹುಡುಗ್ರಿಗೆ ಅಂತ ರೂಟರ್‌ನಲ್ಲಿ ‘ಗೆಸ್ಟ್’ ವೈಫೈ ಬೇರೆ ಮಾಡ್ಕೋಬಹುದು. ಅದರ ಪಾಸ್‌ವರ್ಡು ಫ್ರಿಜ್ ಮೇಲೆ ಅಂಟಿಸಿಟ್ರೆ ಸಾಕು.