ಹೊಟ್ಟೆಹುಣ್ಣಿನ ಅಪರಾಧಿ ಸಿಕ್ಕಿದ ಕಥೆ

ಹೊಟ್ಟೆಯಲ್ಲಿ ಹುಣ್ಣಾಗಿದೆ ಎಂದವರಿಗೆ ಒಂದು ಕಾಲಕ್ಕೆ ಸಿಗುತ್ತಿದ್ದ ಸಲಹೆ ಇಷ್ಟೇ: ಖಾರ ಬಿಡಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಚಿಂತೆ ಹಚ್ಚಿಕೊಳ್ಳಬೇಡಿ. ಅಂದರೆ ರೋಗಕ್ಕೆ ಕಾರಣ ರೋಗಿಯ ನಾಲಿಗೆ, ಇಲ್ಲವೇ ಅವನ ಸ್ವಭಾವ! ಇದು ಬರೀ ಮನೆಮಾತಲ್ಲ, ವೈದ್ಯರೂ ಬಹುಮಟ್ಟಿಗೆ ಹೀಗೆಯೇ ನಂಬಿದ್ದರು. ಆ ನಂಬಿಕೆಯನ್ನು ಅಲುಗಿಸಿದವರು ಆಸ್ಟ್ರೇಲಿಯಾದ ಪರ್ತ್ ನಗರದ ಇಬ್ಬರು ವೈದ್ಯರು.

ನಂಬಿಕೆಗೆ ಆಧಾರವೇ ಇರಲಿಲ್ಲ ಎಂದಲ್ಲ. ಅನ್ನ ಅರಗಿಸಲು ಜಠರದಲ್ಲಿ ಪ್ರಬಲವಾದ ಆಮ್ಲ ಒಸರುತ್ತದೆ. ಆಮ್ಲವಿಲ್ಲದಿದ್ದರೆ ಹುಣ್ಣೂ ಇಲ್ಲ ಎಂದು 1910ರಲ್ಲಿ ಕಾರ್ಲ್ ಶ್ವಾರ್ಟ್ಸ್ ಎಂಬ ವೈದ್ಯರು ಸಾರಿದರು. ಅಲ್ಲಿಂದ ಮುಂದೆ ಚಿಕಿತ್ಸೆ ಎಂದರೆ ಆಮ್ಲದ ಮೇಲಿನ ಯುದ್ಧವೇ ಆಯಿತು. ಶಸ್ತ್ರವೈದ್ಯರು ಜಠರದ ಭಾಗವನ್ನೇ ಕತ್ತರಿಸಿ ತೆಗೆದರು, ಆಮ್ಲ ಒಸರಿಸುವ ನರವನ್ನು ತುಂಡರಿಸಿದರು. 1976ರಲ್ಲಿ ಬ್ರಿಟನ್ನಿನ ಮಾರುಕಟ್ಟೆಗೆ ಸಿಮೆಟಿಡಿನ್ ಮಾತ್ರೆ ಬಂತು. ಆಮ್ಲ ತಗ್ಗಿತು, ಹುಣ್ಣು ಮಾಯಿತು. ಆದರೆ ಮಾತ್ರೆ ನಿಲ್ಲಿಸಿದ ಬಹಳ ಮಂದಿಗೆ ಹುಣ್ಣು ಮತ್ತೆ ಮರಳಿತು. ವರ್ಷಗಟ್ಟಲೆ ಮಾತ್ರೆ ನುಂಗುವುದು ಅವರ ಪಾಲಿಗೆ ವ್ರತವಾಯಿತು.

ಇಂಥ ಆಮ್ಲದಲ್ಲಿ ಯಾವ ಜೀವಾಣುವೂ ನೆಲೆಸದು ಎಂಬುದು ಇನ್ನೊಂದು ನಂಬಿಕೆ. ಆದರೆ ಕಂಡವರಿದ್ದರು. 1890ರ ದಶಕದಲ್ಲೇ ಇಟಲಿಯ ಬಿಜ್ಜೊಜೆರೊ ನಾಯಿಗಳ ಜಠರದಲ್ಲಿ ಸುರುಳಿಯಾಕಾರದ ಬ್ಯಾಕ್ಟೀರಿಯಾ ಕಂಡಿದ್ದರು. 1899ರಲ್ಲಿ ಪೋಲೆಂಡಿನ ಯಾವೋರ್ಸ್ಕಿ ಮನುಷ್ಯರಲ್ಲೂ ಕಂಡರು. ಆದರೆ 1954ರಲ್ಲಿ ಅಮೆರಿಕದ ಎಡ್ಡಿ ಪಾಮರ್ ಸಾವಿರಕ್ಕೂ ಹೆಚ್ಚು ಜನರ ಜಠರದ ತುಣುಕುಗಳನ್ನು ಪರೀಕ್ಷಿಸಿ, ಅಂಥದ್ದೇನೂ ಇಲ್ಲವೆಂದರು. ಬ್ಯಾಕ್ಟೀರಿಯಾ ಎದ್ದು ಕಾಣುವಂತೆ ಮಾಡುವ ಬೆಳ್ಳಿಯ ಲೇಪವನ್ನು ಅವರು ಬಳಸಿರಲಿಲ್ಲ. ಅಲ್ಲಿಗೆ ಹುಡುಕಾಟ ತಣ್ಣಗಾಯಿತು.

ಗ್ರೀಸಿನ ಜಾನ್ ಲೈಕೂಡಿಸ್ ಎಂಬ ವೈದ್ಯರ ಕಥೆ ಇನ್ನೂ ಕಟುವಾದದ್ದು. 1958ರಲ್ಲಿ ಬೇರೆ ತೊಂದರೆಗೆಂದು ಆಂಟಿಬಯಾಟಿಕ್ ನುಂಗಿದ ಅವರಿಗೆ ತಮ್ಮ ಹೊಟ್ಟೆಹುಣ್ಣೂ ವಾಸಿಯಾದದ್ದು ಕಂಡಿತು. ಅದನ್ನೇ ರೋಗಿಗಳಿಗೂ ಕೊಡತೊಡಗಿದರು. ಅವರ ಲೇಖನ ತಿರಸ್ಕೃತವಾಯಿತು. 1968ರಲ್ಲಿ ಅವರಿಗೆ 4,000 ಡ್ರಾಕ್ಮಾ ದಂಡ ಬಿತ್ತು. ತಮ್ಮ ಮಾತು ನಿಜವಾದದ್ದನ್ನು ಕಾಣದೆ 1980ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಪರ್ತ್‌ನಲ್ಲಿ ಕಥೆ ಬೇರೆ ದಾರಿ ಹಿಡಿದಿತ್ತು. 1979ರ ಜೂನ್‌ನಲ್ಲಿ ರಾಯಲ್ ಪರ್ತ್ ಆಸ್ಪತ್ರೆಯ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಅವರಿಗೆ ಸೂಕ್ಷ್ಮದರ್ಶಕದಡಿ, ಉರಿಯೂತವಾಗಿದ್ದ ಜಠರದ ಪೊರೆಯ ಮೇಲೆ ಬಾಗಿದ ಬ್ಯಾಕ್ಟೀರಿಯಾಗಳು ಕಂಡವು. 1981ರಲ್ಲಿ ಕಿರಿಯ ವೈದ್ಯ ಬ್ಯಾರಿ ಮಾರ್ಷಲ್ ಅವರ ಜೊತೆಗೂಡಿದರು. ನೂರು ರೋಗಿಗಳ ಪರೀಕ್ಷೆ ನಡೆಯಿತು. ಆದರೆ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಯತ್ನ ಮಾತ್ರ ಮತ್ತೆ ಮತ್ತೆ ಸೋಲುತ್ತಿತ್ತು. ಎರಡು ದಿನ ಕಾದು ತಟ್ಟೆಗಳನ್ನು ಎಸೆಯುವುದು ರೂಢಿ. 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಐದು ದಿನ ಹಾಗೆಯೇ ಉಳಿದವು. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಆಗ ಕೈಗೆ ಸಿಕ್ಕಿತು! ಸಣ್ಣ ಕರುಳಿನ ಆರಂಭದಲ್ಲಿ ಹುಣ್ಣಿದ್ದ 13 ರೋಗಿಗಳ ಪೈಕಿ 13 ಮಂದಿಯಲ್ಲೂ ಅದಿತ್ತು.

ಆದರೂ ತಜ್ಞರು ಒಪ್ಪಲಿಲ್ಲ. ಬ್ಯಾಕ್ಟೀರಿಯಾ ಹುಣ್ಣಿದ್ದಲ್ಲಿ ಆಮೇಲೆ ಬಂದು ಸೇರಿಕೊಂಡಿರಬಹುದಲ್ಲ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಹಂದಿಮರಿಗಳ ಮೇಲಿನ ಪ್ರಯೋಗ ಫಲಿಸಲಿಲ್ಲ. ಕಡೆಗೆ 1984ರಲ್ಲಿ ಮಾರ್ಷಲ್ ತಮ್ಮ ಜಠರ ಆರೋಗ್ಯವಾಗಿದೆ ಎಂದು ಖಚಿತಪಡಿಸಿಕೊಂಡು, ಬ್ಯಾಕ್ಟೀರಿಯಾ ಬೆರೆತ ದ್ರವವನ್ನು ತಾವೇ ಕುಡಿದುಬಿಟ್ಟರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ, ಬಾಯಿಯ ದುರ್ವಾಸನೆ ಶುರುವಾದವು. ಪರೀಕ್ಷಿಸಿದಾಗ ಜಠರದಲ್ಲಿ ಉರಿಯೂತವೂ ಇತ್ತು, ಬ್ಯಾಕ್ಟೀರಿಯಾವೂ ಇತ್ತು. ಹುಣ್ಣಾಗಲಿಲ್ಲ ನಿಜ, ಆದರೆ ಹುಣ್ಣಿಗೆ ಮುನ್ನುಡಿಯಾದ ಉರಿಯೂತವನ್ನು ಈ ಜೀವಿಯೇ ತರುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು.

ನಿರ್ಣಾಯಕ ಸಾಕ್ಷಿ ಬಂದದ್ದು 1988ರಲ್ಲಿ. ನೂರು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯಾ ಉಳಿದುಕೊಂಡವರ ಪೈಕಿ ಶೇ. 84 ಮಂದಿಗೆ ಒಂದು ವರ್ಷದೊಳಗೆ ಹುಣ್ಣು ಮರಳಿತ್ತು. ಬ್ಯಾಕ್ಟೀರಿಯಾ ನಾಶವಾದವರಲ್ಲಿ ಹಾಗೆ ಮರಳಿದ್ದು ಶೇ. 21 ಮಂದಿಗೆ ಮಾತ್ರ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯು, ಈ ಸೋಂಕಿರುವ ಹುಣ್ಣಿನ ರೋಗಿಗಳಿಗೆ ಆಂಟಿಬಯಾಟಿಕ್ ಕೊಡಬೇಕೆಂದು ಹೇಳಿತು. 1989ರಿಂದ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂದು ಕರೆಸಿಕೊಳ್ಳುವ ಈ ಜೀವಿ, ತನ್ನ ಸುತ್ತ ಅಮೋನಿಯಾ ತಯಾರಿಸಿಕೊಂಡು ಆಮ್ಲದ ಉರಿಯಿಂದ ಪಾರಾಗುತ್ತದೆ. 2005ರಲ್ಲಿ ವಾರೆನ್ ಮತ್ತು ಮಾರ್ಷಲ್ ಇಬ್ಬರಿಗೂ ನೊಬೆಲ್ ಬಂತು. ವಾರೆನ್ 2024ರಲ್ಲಿ ನಿಧನರಾದರು.

ಲೈಕೂಡಿಸ್‌ಗೆ ದಂಡ, ಇವರಿಗೆ ನೊಬೆಲ್! ಇದು ಬರೀ ಅದೃಷ್ಟದ ಆಟವಲ್ಲ. ಲೈಕೂಡಿಸ್ ಬಳಿ ಗುಣವಾದ ರೋಗಿಗಳಿದ್ದರು. ಪರ್ತ್‌ನವರ ಬಳಿ ಜೀವಾಣುವೇ ಇತ್ತು, ಔಷಧಿ ಕೊಟ್ಟವರನ್ನೂ ಕೊಡದವರನ್ನೂ ಹೋಲಿಸಿದ ಲೆಕ್ಕವಿತ್ತು. ಆದರೆ ಆ ಲೆಕ್ಕ ಬರುವವರೆಗೆ ಜಠರ ಕತ್ತರಿಸಿಕೊಂಡವರು, ತಮ್ಮ ಚಿಂತೆಯೇ ತಮಗೆ ಮುಳುವಾಯಿತೆಂದು ಕೊರಗಿದವರು ಅದೆಷ್ಟು ಮಂದಿಯೋ!

ಎಲ್ಲ ಹುಣ್ಣಿಗೂ ಇದೊಂದೇ ಕಾರಣವಲ್ಲ. ನೋವಿನ ಮಾತ್ರೆಗಳ ಅತಿ ಬಳಕೆಯಿಂದಲೂ ಹುಣ್ಣಾಗುತ್ತದೆ. ಸೋಂಕಿರುವ ಹೆಚ್ಚಿನವರಿಗೆ ಹುಣ್ಣು ಆಗುವುದೂ ಇಲ್ಲ. ಸೋಂಕು ಖಚಿತವಾದವರಿಗೆ ಸಾಮಾನ್ಯವಾಗಿ ಎರಡು ವಾರ, ಒಂದಕ್ಕಿಂತ ಹೆಚ್ಚು ಆಂಟಿಬಯಾಟಿಕ್‌ಗಳನ್ನು ಆಮ್ಲ ತಗ್ಗಿಸುವ ಔಷಧಿಯೊಂದಿಗೆ ಕೊಡುತ್ತಾರೆ. ನೋವು ನಿಂತಿತೆಂದು ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಉಳಿದು ಔಷಧಿಗೆ ಬಗ್ಗದಂತಾಗಬಹುದು. ಕ್ಲಾರಿಥ್ರೊಮೈಸಿನ್ ಎಂಬ ಮುಖ್ಯ ಔಷಧಿಗೆ ಜಗ್ಗದ ತಳಿಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ. ನೂರು ವರ್ಷ ಕಣ್ಣು ತಪ್ಪಿಸಿಕೊಂಡಿದ್ದ ಅಪರಾಧಿಗೆ ಮತ್ತೊಮ್ಮೆ ತಪ್ಪಿಸಿಕೊಳ್ಳಲು ದಾರಿ ಬಿಡಬಾರದಷ್ಟೇ.