ಎಚ್‌ಐವಿ, ಅಫೀಮು ವರ್ಗದ ಔಷಧಗಳು ಮತ್ತು ಜೀವಕೋಶದ ಉತ್ಕರ್ಷಣ ಒತ್ತಡ

ಉಸಿರಾಟಕ್ಕೆ ಬಳಸುವ ಆಮ್ಲಜನಕದ ಒಂದು ಸಣ್ಣ ಪಾಲು ಜೀವಕೋಶದೊಳಗೆ ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್‌ಗಳಂಥ ಚುರುಕು ಕಣಗಳಾಗುತ್ತದೆ. ಗ್ಲುಟಾಥಯೋನ್ ಎಂಬ ಪುಟ್ಟ ಅಣುವೂ ಕ್ಯಾಟಲೇಸ್‌ನಂಥ ಕಿಣ್ವಗಳೂ ಅವನ್ನು ತಣಿಸುತ್ತವೆ. ತಣಿಸುವ ಶಕ್ತಿಗಿಂತ ಕಣಗಳು ಹೆಚ್ಚಾದಾಗಿನ ಸ್ಥಿತಿಯೇ ಉತ್ಕರ್ಷಣ ಒತ್ತಡ. ಆಗ ಕೋಶದ ಪೊರೆ, ಪ್ರೋಟೀನು, ಡಿಎನ್‌ಎ ಮೂರೂ ಹಾಳಾಗುತ್ತವೆ.

ಎಚ್‌ಐವಿ ಈ ಒತ್ತಡವನ್ನು ಉಂಟುಮಾಡುತ್ತದೆ, ಅದರಿಂದಲೇ ಬೆಳೆಯುತ್ತದೆ. ವೈರಸ್ಸಿನ ಟ್ಯಾಟ್ ಪ್ರೋಟೀನು ಮತ್ತು ಹೊರಕವಚದ ಜಿಪಿ120 ಸೇರಿ ಕಣಗಳ ಉತ್ಪಾದನೆಯನ್ನು ಹೆಚ್ಚಿಸುತ್ತವೆ, ಗ್ಲುಟಾಥಯೋನ್ ಕುಗ್ಗಿಸುತ್ತವೆ. ಹೆಚ್ಚಿದ ಕಣಗಳು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಎಚ್ಚರಿಸುತ್ತವೆ. ಅದು ಕೋಶದ ಡಿಎನ್‌ಎಯಲ್ಲಿ ಅಡಗಿ ಕೂತ ವೈರಸ್ಸಿನ ಜೀನುಗಳನ್ನು ಚಾಲೂ ಮಾಡುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮಿತ್ ಸಿಂಗ್ ಅವರ ತಂಡ 2015ರಲ್ಲಿ ಇದನ್ನು ಅಳೆದೇ ತೋರಿಸಿತು. ಗ್ಲುಟಾಥಯೋನ್ ಸಮತೋಲವನ್ನು ಬೆಳಕಿನ ಮೂಲಕ ತಿಳಿಸುವ ಪ್ರೋಟೀನನ್ನು ಸೋಂಕಿತ ಕೋಶಗಳಲ್ಲಿಟ್ಟು ನೋಡಿದಾಗ, ಸುಮಾರು 25 ಮಿಲಿವೋಲ್ಟ್‌ನಷ್ಟು ಅಲ್ಪ ಏರುಪೇರೇ ಮಲಗಿದ ವೈರಸ್ಸನ್ನು ಎಬ್ಬಿಸಲು ಸಾಕಾಯಿತು. ಈ ವಿಷಯದಲ್ಲಿ ಕನ್ನಡ ನಾಡಿನಲ್ಲಿ ನಡೆದ ಕೆಲಸಗಳ ಪೈಕಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು.

ಅದೇ ಊರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಉದಯಕುಮಾರ್ ರಂಗ ಮತ್ತು ಸಂಗಡಿಗರು 2004ರಲ್ಲಿ ಇನ್ನೊಂದು ಅಂಶವನ್ನು ಪ್ರಕಟಿಸಿದರು. ಭಾರತದಲ್ಲಿ ಹೆಚ್ಚಾಗಿರುವ ಸಿ ಉಪಪ್ರಭೇದದ ಟ್ಯಾಟ್‌ನಲ್ಲಿ 31ನೆಯ ಸ್ಥಾನದ ಸಿಸ್ಟೀನ್ ಬದಲು ಸೆರೀನ್ ಇರುತ್ತದೆ. ಹೀಗಾಗಿ ಬಿಳಿ ರಕ್ತಕಣಗಳನ್ನು ಸೆಳೆಯುವ ಅದರ ಶಕ್ತಿ ಕುಂದಿದೆ. ಅಮೆರಿಕದ ಪ್ರಯೋಗಗಳು ಬಹುಪಾಲು ಬಿ ಉಪಪ್ರಭೇದದ ಟ್ಯಾಟ್ ಬಳಸಿದವು. ಅವುಗಳ ಫಲಿತಾಂಶವನ್ನು ನಮ್ಮ ರೋಗಿಗಳಿಗೆ ನೇರವಾಗಿ ಹೊಂದಿಸಬಾರದು.

ಅಫೀಮು ವರ್ಗದ ಮಾರ್ಫಿನ್, ಹೆರಾಯಿನ್‌ಗಳು ಬೇರೆ ದಾರಿಯಿಂದ ಇದೇ ಉತ್ಕರ್ಷಣ ಒತ್ತಡಕ್ಕೆ ಬರುತ್ತವೆ. ನೋವು ಶಮನ ಮಾಡುವ ಮ್ಯೂ ಗ್ರಾಹಕ ನರಕೋಶಗಳಲ್ಲಿ ಮಾತ್ರವಲ್ಲ, ರೋಗನಿರೋಧಕ ಕೋಶಗಳಲ್ಲೂ ಇದೆ. ಮಾರ್ಫಿನ್ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುತ್ತದೆ, ಆ ಡೋಪಮಿನ್ ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ವೈರಸ್ ಒಳನುಗ್ಗಲು ಬಳಸುವ ಸಿಸಿಆರ್5 ಎಂಬ ಬಾಗಿಲೂ ಕೆಲವು ಕೋಶಗಳಲ್ಲಿ ಹೆಚ್ಚುತ್ತದೆ. ಪ್ರಯೋಗಶಾಲೆಯಲ್ಲಿ ಟ್ಯಾಟ್ ಮತ್ತು ಮಾರ್ಫಿನ್ ಕೂಡಿದಾಗ ಮಿದುಳಿನ ಕೋಶಗಳಿಗೆ ಆಗುವ ಹಾನಿ, ಎರಡೂ ಬೇರೆ ಬೇರೆಯಾಗಿ ಮಾಡುವುದಕ್ಕಿಂತ ಹೆಚ್ಚು. ಇವು ಕೋಶ ಹಾಗೂ ಇಲಿಗಳ ಮೇಲಿನ ಪ್ರಯೋಗಗಳು ಎಂಬುದನ್ನು ನೆನಪಿಡಬೇಕು.

ಮಣಿಪುರ, ಮಿಜೋರಾಂ, ಪಂಜಾಬುಗಳಲ್ಲಿ ಮಾದಕವಸ್ತುವಿನ ಸೂಜಿ ಸೋಂಕು ಹರಡಿದ ಮುಖ್ಯ ದಾರಿಗಳಲ್ಲೊಂದಾದರೆ, ಕರ್ನಾಟಕದಲ್ಲಿ ಹೆಚ್ಚಾಗಿ ಹರಡಿದ್ದು ಲೈಂಗಿಕ ಸಂಪರ್ಕದಿಂದ. ಆದ್ದರಿಂದ ಇಲ್ಲಿ ಸೋಂಕಿತರಿಗೆ ಅಫೀಮು ವರ್ಗದ ಔಷಧ ಎದುರಾಗುವುದು ಬಹುಮಟ್ಟಿಗೆ ಕ್ಯಾನ್ಸರ್ ಅಥವಾ ಶಸ್ತ್ರಚಿಕಿತ್ಸೆಯ ನೋವಿಗೆ ವೈದ್ಯರು ಬರೆದುಕೊಟ್ಟ ಚೀಟಿಯಲ್ಲಿ. ಮೇಲಿನ ಸಂಶೋಧನೆ ಓದಿ ಅವರು ಮಾರ್ಫಿನ್‌ಗೆ ಹೆದರಿ ನೋವು ತಿನ್ನುತ್ತಾ ಕೂರಬಾರದು. ಭಾರತದಲ್ಲಿ ನೋವಿಗೆ ಮಾರ್ಫಿನ್ ಸಿಗುವುದೇ ಕಷ್ಟವಾಗಿತ್ತು. 1985ರ ಮಾದಕವಸ್ತು ಕಾಯಿದೆಯನ್ನು 2014ರಲ್ಲಿ ತಿದ್ದಿದ್ದು ಆ ಕಾರಣಕ್ಕೇ. ಚೀಟಿಯಿಲ್ಲದೆ ನುಂಗುವ ಟ್ರಾಮಡಾಲ್ ಎಂಬ ಅಫೀಮು ವರ್ಗದ ನೋವಿನ ಮಾತ್ರೆ ಬೇರೆ ಮಾತು. 2018ರಿಂದ ಅದೂ ಅದೇ ಕಾಯಿದೆಯಡಿ ಬರುತ್ತದೆ.

ಗ್ಲುಟಾಥಯೋನ್ ಕಡಿಮೆಯಿದ್ದ ಸೋಂಕಿತರ ಆಯಸ್ಸೂ ಕಡಿಮೆ ಎಂದು ಸ್ಟ್ಯಾನ್‌ಫೋರ್ಡಿನ ಲೆನಾರ್ಡ್ ಹರ್ಜನ್‌ಬರ್ಗ್ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದರು. ಹಾಗೆಂದು ಅಂಗಡಿಯಲ್ಲಿ ಸಿಗುವ ಉತ್ಕರ್ಷಣನಿರೋಧಕ ಮಾತ್ರೆ ಎಆರ್‌ಟಿ ಎಂಬ ವೈರಸ್ ತಡೆಯುವ ಚಿಕಿತ್ಸೆಗೆ ಬದಲಿಯಲ್ಲ. ವೈರಸ್ಸನ್ನು ತಗ್ಗಿಸಿದರೆ ಒತ್ತಡದ ಮುಖ್ಯ ಮೂಲವೇ ತಗ್ಗುತ್ತದೆ. ಹಳೆಯ ಎಆರ್‌ಟಿ ಔಷಧಗಳಾದ ಜಿಡೊವುಡಿನ್, ಸ್ಟಾವುಡಿನ್ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಕ್ಕೆ ತಾವೇ ಹಾನಿ ಮಾಡುತ್ತಿದ್ದವು. ಈಗ ಕೊಡುವ ಡೊಲುಟೆಗ್ರಾವಿರ್ ಆಧಾರಿತ ಮಾತ್ರೆಗಳಲ್ಲಿ ಆ ತೊಂದರೆ ಬಹಳ ಕಡಿಮೆ. ಭಾರತ ಸರ್ಕಾರ ಉಚಿತ ಎಆರ್‌ಟಿ ಆರಂಭಿಸಿದ್ದು 2004ರ ಏಪ್ರಿಲ್ 1ರಂದು. ಅಫೀಮು ವರ್ಗದ ವ್ಯಸನಕ್ಕೆ ಬುಪ್ರೆನಾರ್ಫಿನ್ ಎಂಬ ಔಷಧವನ್ನು ನಾಲಿಗೆಯ ಕೆಳಗಿಟ್ಟು ಕೊಡುವ ಚಿಕಿತ್ಸೆಯೂ ಉಂಟು. ಅದು ಸೂಜಿಯನ್ನು ಬಿಡಿಸುತ್ತದೆ. ಚಿಕಿತ್ಸೆಗೆ ಮೊದಲ ಮೆಟ್ಟಿಲಾದ ಎಚ್‌ಐವಿ ಪರೀಕ್ಷೆಗೆ ಬಂದವರ ವಿವರ ಗುಟ್ಟಾಗಿಡಬೇಕೆಂಬುದು 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯಿದೆಯ ಕಟ್ಟಳೆ.